ಸರಕಾರದ ಸರಕು, ದೇಶದ ಹಡಗು: ಧ್ವಜಪ್ರಾಶಸ್ತ್ಯ ನಿಯಮಗಳ ಪಾಲನೆಯನ್ನು ಕುರಿತು ಒಂದು ವಿಮರ್ಶೆ

ಶಿವಮೊಗ್ಗೆಯಿಂದ ಪಶ್ಚಿಮಕ್ಕೆ ಹೊರಟ ರಸ್ತೆ ತ್ಯಾವರೆಕೊಪ್ಪವನ್ನು ದಾಟಿ, ಆಯನೂರು ಕುಂಸಿಗಳ ಮೇಲೆ ಹಾದು ಸಾಗರವನ್ನು ಸೇರುತ್ತದೆ. ಆ ಸಾಗರವಾದರೋ ಕೆಳದಿಯ ಅರಸರ ಕೆರೆಯಿಂದ ಹೆಸರು ಪಡೆದ ಊರೇ ಹೊರತು ಸಮುದ್ರವಲ್ಲ. ಅದೇ ದಿಕ್ಕಿಗೆ ಹೋಗುವ ರೈಲುದಾರಿಯೂ ತಾಳಗುಪ್ಪದವರೆಗೆ ಹೋಗಿ, ಘಟ್ಟವನ್ನಿಳಿಯದೆ, ಹೊನ್ನಾವರದ ಅಲೆಗಳನ್ನು ಕಾಣದೆ ನಿಂತುಬಿಟ್ಟಿದೆ. ಇಂಥ ಒಳನಾಡಿನಲ್ಲಿ ಕುಳಿತು ಸಮುದ್ರಸಾಗಣೆಯ ನಿಯಮಗಳನ್ನು ವಿಚಾರಕ್ಕೆ ಎತ್ತಿಕೊಳ್ಳುವುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಆದರೆ ಇಲ್ಲಿಯ ಅಡಕೆತೋಟಕ್ಕೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವು ಇಡಿಯಾಗಿ ಹೊರದೇಶದಿಂದ ಹಡಗಿನಲ್ಲಿ ಬರತಕ್ಕದ್ದು. ಇಲ್ಲಿಯ ರಸ್ತೆಯ ಮೇಲೆ ಓಡುವ ಲಾರಿಗಳ ಎಣ್ಣೆಯ ಮೂಲವೂ ಬಹುಮಟ್ಟಿಗೆ ಹಾಗೆಯೇ ಬರುತ್ತದೆ. ಈ ಸರಕುಗಳಲ್ಲಿ ಒಂದು ದೊಡ್ಡ ಭಾಗವನ್ನು ಕೊಳ್ಳುವುದು, ಇಲ್ಲವೆ ಕೊಳ್ಳಲು ಹಣದ ನೆರವು ಕೊಡುವುದು ಸರಕಾರ. ಸರಕಾರದ ಹಣದಿಂದ ಬರುವ ಸರಕು ಯಾವ ದೇಶದ ಧ್ವಜ ಹೊತ್ತ ಹಡಗಿನಲ್ಲಿ ಬರಬೇಕು, ಹಾಗೆ ಬರುತ್ತಿದೆಯೇ ಎಂದು ನೋಡುವವರು ಯಾರು ಎಂಬುದು ಪ್ರಕೃತ ಲೇಖನದ ವಿಷಯ. ನಮ್ಮ ಅರ್ಥಶಾಸ್ತ್ರದ ಹಾಗೂ ವಾಣಿಜ್ಯಶಾಸ್ತ್ರದ ಪಠ್ಯಗಳು ಸಾಗಣೆಯ ದರವನ್ನು ಕುರಿತು ವಿಸ್ತಾರವಾಗಿ ಹೇಳಿ, ಈ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಪ್ರಶ್ನೆ ಹೊಸದಲ್ಲ. ಈ ಸೀಮೆ ಕೆಳದಿಯವರ ಆಳ್ವಿಕೆಯಲ್ಲಿದ್ದಾಗ ಮಲೆನಾಡಿನ ಮೆಣಸೂ ಅಕ್ಕಿಯೂ ಘಟ್ಟವಿಳಿದು ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹಡಗೇರುತ್ತಿದ್ದವು. ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರವು ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಬಂದಾಗ ಜೊತೆಯಲ್ಲಿದ್ದ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿ ಆ ದಾರಿಯನ್ನು ವರ್ಣಿಸಿದ್ದಾನೆ. ಆಗಿನ ನಿಯಮವು ಈಗಿನದಕ್ಕೆ ತಲೆಕೆಳಗಾಗಿದ್ದಿತು: ನಾಡಿನ ದೊರೆಯ ಸರಕು ಹೊತ್ತ ನಾಡಿನ ಹಡಗು ತನ್ನದೇ ಕರಾವಳಿಯನ್ನು ಬಿಟ್ಟು ಹೊರಡಬೇಕಾದರೆ ಪೋರ್ಚುಗೀಸರ ರಹದಾರಿ ಪತ್ರವನ್ನು ಪಡೆಯಬೇಕಾಗಿತ್ತು; ಪತ್ರವಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. ನಿಯಮ ಕಾಗದದ ಮೇಲೆ ಮಾತ್ರ ಇರಲಿಲ್ಲ. ಅದರ ಹಿಂದೆ ಫಿರಂಗಿಯಿತ್ತು. ಶಿವಪ್ಪನಾಯಕನು ಹದಿನೇಳನೆಯ ಶತಮಾನದ ಮಧ್ಯದಲ್ಲಿ ಅವರ ಕರಾವಳಿಯ ಕೋಟೆಗಳನ್ನು ವಶಪಡಿಸಿಕೊಂಡದ್ದನ್ನು ನಾವು ಶೌರ್ಯದ ಅಧ್ಯಾಯವಾಗಿ ಓದಿದ್ದೇವೆ. ವ್ಯಾಪಾರದ ಅಧ್ಯಾಯವಾಗಿಯೂ ಓದುವುದಕ್ಕೆ ಅವಕಾಶವುಂಟು.

ಮೈಸೂರು ಸಂಸ್ಥಾನಕ್ಕಂತೂ ಕಡಲತೀರವೇ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಭಟ್ಕಳವನ್ನು ಸಂಸ್ಥಾನದ ಬಂದರಾಗಿ ಬೆಳೆಸುವ ಆಲೋಚನೆ ನಡೆಯಿತು. ಆ ತೀರ ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು; ಆಲೋಚನೆ ಕೈಗೂಡಲಿಲ್ಲ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಕೆಮ್ಮಣ್ಣುಗುಂಡಿಯ ಅದಿರು, ಸುತ್ತಣ ಕಾಡಿನ ಇದ್ದಿಲು, ಭದ್ರಾನದಿಯ ನೀರು ಎಲ್ಲವೂ ಒದಗಿದವು. ಕಡಲಿನ ಕಡೆಯ ಬಾಗಿಲು ಮಾತ್ರ ಪರರದ್ದಾಗಿತ್ತು.

ಅದೇ ದಶಕದಲ್ಲಿ ಬ್ರಿಟಿಷ್ ಭಾರತದ ಶಾಸನಸಭೆಯ ಮುಂದೆ ಈ ಪ್ರಶ್ನೆ ನೇರವಾಗಿ ಬಂದಿತು. ೧೯೧೯ರಲ್ಲಿ ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಮೇಲೆ ಬ್ರಿಟಿಷ್ ಕಂಪನಿಗಳು ದರವನ್ನು ತಗ್ಗಿಸಿ ಅದನ್ನು ಹೊಸಕಲು ನೋಡಿದುವು. ಕರಾವಳಿ ವ್ಯಾಪಾರವನ್ನು ಭಾರತೀಯ ಹಡಗುಗಳಿಗೆ ಮೀಸಲಿಡಬೇಕೆಂದು ಎಸ್. ಎನ್. ಹಾಜಿಯವರು ೧೯೨೮ರಲ್ಲಿ ಮಸೂದೆ ತಂದರು, ಅದು ಶಾಸನವಾಗಲಿಲ್ಲ. ೧೯೪೭ರಲ್ಲಿ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರ ಅಧ್ಯಕ್ಷತೆಯ ಉಪಸಮಿತಿ ಭಾರತೀಯ ಹಡಗುಗಳ ಪಾಲನ್ನು ಅಂಕಿಗಳಲ್ಲಿ ಗೊತ್ತುಪಡಿಸಿತು: ಕರಾವಳಿ ವ್ಯಾಪಾರದಲ್ಲಿ ಶೇಕಡ ೧೦೦, ಬರ್ಮಾ ಸಿಂಹಳಗಳಂಥ ನೆರೆಯ ದೇಶಗಳ ವ್ಯಾಪಾರದಲ್ಲಿ ಶೇ. ೭೫, ದೂರದ ವ್ಯಾಪಾರದಲ್ಲಿ ಶೇ. ೫೦. ಮೊದಲನೆಯದು ಸ್ವಾತಂತ್ರ್ಯದ ಬಳಿಕ ಲೈಸೆನ್ಸಿನ ಮೂಲಕ ಜಾರಿಗೆ ಬಂದು, ೧೯೫೮ರ ವ್ಯಾಪಾರ ನೌಕಾ ಶಾಸನದ ೪೦೭ನೆಯ ವಿಧಿಯಲ್ಲಿ ನೆಲೆ ಕಂಡಿತು. ಉಳಿದೆರಡು ಅಂಕಿಗಳು ಗುರಿಯಾಗಿಯೇ ಉಳಿದವು. ೧೯೮೭-೮೮ರಲ್ಲಿ ನಮ್ಮ ವಿದೇಶವ್ಯಾಪಾರದ ಶೇ. ೪೦.೭ರಷ್ಟನ್ನು ಭಾರತೀಯ ಹಡಗುಗಳು ಹೊತ್ತಿದ್ದವೆಂದೂ, ೨೦೧೮-೧೯ರಲ್ಲಿ ಆ ಪಾಲು ಸುಮಾರು ಶೇ. ೭.೮ಕ್ಕೆ ಇಳಿದಿತ್ತೆಂದೂ ಸರಕಾರವೇ ೨೦೨೧ರಲ್ಲಿ ಪ್ರಕಟಿಸಿತು. ಐವತ್ತರ ಗುರಿಯ ಸಮೀಪಕ್ಕೆ ಬಂದು ಎಂಟಕ್ಕಿಂತ ಕೆಳಗೆ ಜಾರಿದ ಈ ಇಳಿತದ ಕಾರಣಗಳನ್ನು ಹಡಗಿನ ಒಡೆಯರ ಸೋಮಾರಿತನದಲ್ಲಿಯೋ ತೆರಿಗೆಯ ಭಾರದಲ್ಲಿಯೋ ಹುಡುಕುವುದು ವಾಡಿಕೆ. ತೆರಿಗೆಯ ಮಾತು ಸುಳ್ಳಲ್ಲ. ಆದರೆ ಸರಕಾರವೇ ಸರಕಿನ ಒಡೆಯನಾಗಿರುವಲ್ಲಿ ಏನಾಯಿತೆಂಬುದು ಬೇರೆ ಪ್ರಶ್ನೆ. ಅಲ್ಲಿ ಮಾರುಕಟ್ಟೆಯನ್ನು ದೂರುವಂತಿಲ್ಲ.

ಹೋಲಿಕೆಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಡೆಗೆ ತಿರುಗೋಣ. ಈ ವಿಷಯದಲ್ಲಿ ಆ ದೇಶದ ಶಾಸನವನ್ನು ನಮ್ಮ ಜನ ತಿಳಿಯದೆಯೇ ಉಂಡಿದ್ದಾರೆಂದರೆ ಅತಿಶಯೋಕ್ತಿಯಲ್ಲ. ೧೯೫೪ರಲ್ಲಿ ಅಲ್ಲಿಯ ಕಾಂಗ್ರೆಸ್ಸು ಎರಡು ಶಾಸನಗಳನ್ನು ಮಾಡಿತು. ಒಂದು, ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಒದಗಿಸುವ ಪಿ.ಎಲ್. ೪೮೦, ಇನ್ನೊಂದು, ಸರಕಾರದ ಹಣದಿಂದಲೋ ನೆರವಿನಿಂದಲೋ ಸಾಗುವ ಸರಕಿನಲ್ಲಿ ಕನಿಷ್ಠ ಅರ್ಧಭಾಗ ಅಮೆರಿಕದ ಧ್ವಜದ ಹಡಗುಗಳಲ್ಲಿಯೇ ಸಾಗಬೇಕೆಂಬ ಪಿ.ಎಲ್. ೬೬೪. ಮೊದಲನೆಯದರ ಹೆಸರು ನಮ್ಮಲ್ಲಿ ಹಳ್ಳಿಹಳ್ಳಿಗೆ ತಿಳಿಯಿತು. ೧೯೫೬ರ ಒಪ್ಪಂದದಿಂದ ಮೊದಲುಗೊಂಡು, ೧೯೬೦ರ ಮೇ ತಿಂಗಳಲ್ಲಿ ಎಸ್. ಕೆ. ಪಾಟೀಲರು ಸಹಿಹಾಕಿದ ೧ ಕೋಟಿ ೭೦ ಲಕ್ಷ ಟನ್ನಿನ ಒಪ್ಪಂದವನ್ನು ಹಾದು, ೧೯೬೫-೬೬ರ ಬರಗಾಲದವರೆಗೆ ಬಂದ ಗೋಧಿ, ರೇಷನ್ ಅಂಗಡಿಯ ಕೆಂಪು ಜೋಳ, ಕೇರ್ ಸಂಸ್ಥೆಯ ಮೂಲಕ ಪ್ರಾಥಮಿಕ ಶಾಲೆಗಳಿಗೆ ಬಂದ ಉಪ್ಪಿಟ್ಟಿನ ರವೆ, ಇವುಗಳ ಹಿಂದೆ ಎರಡನೆಯ ಶಾಸನವೂ ಮೌನವಾಗಿ ಕೆಲಸ ಮಾಡುತ್ತಿದ್ದಿತು. ಅಮೆರಿಕದ ಹಡಗಿನ ದರ ಇತರ ಹಡಗುಗಳಿಗಿಂತ ಹೆಚ್ಚು. ಆ ಹೆಚ್ಚಿನ ಹೊರೆಯನ್ನು ಅವರ ಬೊಕ್ಕಸವೇ ಹೊರುವ ಏರ್ಪಾಡಿತ್ತು. ಹಸಿದವರಿಗೆ ಅನ್ನ ಕಳಿಸುವಾಗಲೂ ತನ್ನ ನಾವಿಕನ ಕೂಲಿಯನ್ನು ಮರೆಯದ ಶಾಸನ ಅದು. ಇದನ್ನು ಸ್ವಾರ್ಥವೆನ್ನಬೇಕೋ ದೂರದೃಷ್ಟಿಯೆನ್ನಬೇಕೋ ವಾಚಕರು ತೀರ್ಮಾನಿಸಲಿ. ಶಾಸನದ ರಚನೆ ಮಾತ್ರ ಅಭ್ಯಾಸಯೋಗ್ಯವಾದುದು.

ಏಕೆಂದರೆ ಆ ಶಾಸನ ಮೊದಲಿನಿಂದ ಬಲವಾಗಿದ್ದುದಲ್ಲ. ಅದರ ಮಾತಿನಲ್ಲಿಯೇ ಸಡಿಲವಿತ್ತು: ಅಮೆರಿಕದ ಹಡಗು 'ನ್ಯಾಯವಾದ, ಯುಕ್ತವಾದ ದರ'ದಲ್ಲಿ ದೊರೆತರೆ ಮಾತ್ರ ಅರ್ಧಪಾಲಿನ ಕಟ್ಟು. ದರ ನ್ಯಾಯವೋ ಅಲ್ಲವೋ ಎಂದು ಹೇಳುವವರಾರು? ಧಾನ್ಯವನ್ನು ಕಳುಹಿಸುವ ಇಲಾಖೆಯೇ ಹೇಳುವುದಾದರೆ, ಅಗ್ಗದ ಹಡಗನ್ನು ಬಯಸುವವನೇ ನ್ಯಾಯಾಧೀಶನೂ ಆದಂತಾಯಿತು. ಅರ್ಧವನ್ನು ಲೆಕ್ಕಹಾಕುವುದರಲ್ಲಿಯೂ ತೊಡಕಿತ್ತು. ಒಟ್ಟು ಸರಕಿನಲ್ಲಿ ಅರ್ಧವೆಂದಿದ್ದರೆ ಎಣ್ಣೆಯ ಹಡಗಿನಲ್ಲಿ ಹೆಚ್ಚು ತೋರಿಸಿ ಧಾನ್ಯದ ಹಡಗಿನಲ್ಲಿ ತಪ್ಪಿಸಿಕೊಳ್ಳಬಹುದು. ಅದಕ್ಕಾಗಿ ಒಣ ಸರಕಿನ ದೊಡ್ಡ ಹಡಗು, ನಿಗದಿತ ಮಾರ್ಗದ ಹಡಗು, ಎಣ್ಣೆಯ ಹಡಗು ಎಂದು ಮೂರು ಬಗೆಗೂ ಬೇರೆಬೇರೆಯಾಗಿ ಅರ್ಧವನ್ನು ಎಣಿಸಬೇಕೆಂದು ಶಾಸನವೇ ವಿಧಿಸಿತು. ಮೇಲ್ವಿಚಾರಣೆಯ ಅಧಿಕಾರ ಒಂದು ಕೈಗೆ ಬಂದದ್ದು ೧೯೭೦ರ ತಿದ್ದುಪಡಿಯಿಂದ: ಪ್ರತಿಯೊಂದು ಇಲಾಖೆಯೂ ಮಾರಿಟೈಮ್ ಅಡ್ಮಿನಿಸ್ಟ್ರೇಷನ್ ಎಂಬ ನೌಕಾಡಳಿತ ಕಚೇರಿಯ ಕಟ್ಟಳೆಗಳಂತೆ ನಡೆಯಬೇಕು, ಆ ಕಚೇರಿ ವರ್ಷವರ್ಷವೂ ಪರಿಶೀಲಿಸಿ ಕಾಂಗ್ರೆಸ್ಸಿಗೆ ವರದಿಮಾಡಬೇಕು. ಅಮೆರಿಕದಲ್ಲಿ ಸರಕು ತುಂಬಿದ ೨೦ ಕೆಲಸದ ದಿನಗಳೊಳಗೆ ಬಿಲ್ ಆಫ್ ಲೇಡಿಂಗಿನ ಪ್ರತಿ ಆ ಕಚೇರಿಗೆ ತಲುಪಬೇಕೆಂಬುದು ಅದರ ಕಟ್ಟಳೆಗಳಲ್ಲೊಂದು. ಮೇಲ್ನೋಟಕ್ಕೆ ಗುಮಾಸ್ತೆಯ ಕೆಲಸವೆನಿಸುವ ಈ ಒಂದು ಕಾಗದದಲ್ಲಿಯೇ ಶಾಸನದ ಜೀವವಿದೆ. ಹಡಗಿನ ಹೆಸರು, ಧ್ವಜ, ತೂಕ, ದರ ತಿಳಿಯದೆ ಪಾಲನೆಯ ಮಾತೇ ಇಲ್ಲ.

ಅಲ್ಲಿಯೂ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. ಆಹಾರ ನೆರವಿನ ಪಾಲನ್ನು ೧೯೮೫ರಲ್ಲಿ ಶೇ. ೭೫ಕ್ಕೆ ಏರಿಸಿ ೨೦೧೨ರಲ್ಲಿ ಮತ್ತೆ ೫೦ಕ್ಕೆ ಇಳಿಸಿದರು. ೨೦೦೮ರ ತಿದ್ದುಪಡಿ ಬೇಕೆಂದೇ ತಪ್ಪಿದವರಿಗೆ ದಿನಕ್ಕೆ ೨೫,೦೦೦ ಡಾಲರುಗಳವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೊಟ್ಟಿತು; ಅದನ್ನು ಚಲಾಯಿಸಲು ಬೇಕಾದ ಕಟ್ಟಳೆಗಳು ಹದಿನಾಲ್ಕು ವರ್ಷ ಕಳೆದರೂ ಹೊರಬಂದಿಲ್ಲವೆಂದು ಅವರದೇ ಲೆಕ್ಕಪರಿಶೋಧನಾ ಕಚೇರಿ ೨೦೨೨ರಲ್ಲಿ ಎತ್ತಿತೋರಿಸಿತು. ಕೋಲು ಕೊಟ್ಟರೂ ಹೊಡೆಯುವ ಕೈ ಏಳಲಿಲ್ಲ. ಹಾಗಿದ್ದರೂ ಈ ಲೋಪ ಲೋಕಕ್ಕೆ ತಿಳಿದದ್ದು ಹೇಗೆಂಬುದನ್ನು ಗಮನಿಸಬೇಕು: ಶಾಸನದಲ್ಲಿ ಕರ್ತವ್ಯವನ್ನು ಬರೆದಿದ್ದುದರಿಂದ ತಪ್ಪಿದ್ದನ್ನು ತಪ್ಪೆಂದು ಹೇಳುವುದು ಸಾಧ್ಯವಾಯಿತು.

ನಮ್ಮಲ್ಲಿ ಆ ಆಧಾರವೇ ಬೇರೆ. ೧೯೫೮ರ ಶಾಸನದಲ್ಲಿ ೪೦೬, ೪೦೭ನೆಯ ವಿಧಿಗಳು ಹಡಗಿಗೆ ಲೈಸೆನ್ಸನ್ನು ವಿಧಿಸುತ್ತಿದ್ದವೇ ಹೊರತು, ಸರಕಾರದ ಇಲಾಖೆಗಳು ತಮ್ಮ ಸರಕಿನಲ್ಲಿ ಇಂತಿಷ್ಟನ್ನು ಭಾರತೀಯ ಹಡಗಿಗೆ ಕೊಡತಕ್ಕದ್ದೆಂದು ಎಲ್ಲಿಯೂ ಹೇಳಿರಲಿಲ್ಲ. ಹೇಳಿದ್ದು ಆಡಳಿತಾಜ್ಞೆ. ಇಲಾಖೆಗಳೂ ಸರಕಾರಿ ಉದ್ಯಮಗಳೂ ಆಮದಿನ ಕರಾರನ್ನು ಎಫ್.ಓ.ಬಿ. ಕ್ರಮದಲ್ಲಿ, ರಫ್ತಿನ ಕರಾರನ್ನು ಸಿ.ಐ.ಎಫ್. ಅಥವಾ ಸಿ. ಅಂಡ್ ಎಫ್. ಕ್ರಮದಲ್ಲಿ ಮಾಡಿಕೊಳ್ಳಬೇಕು, ಹಡಗಿನ ಏರ್ಪಾಡನ್ನು ನೌಕಾ ಸಚಿವಾಲಯದ ಬಾಡಿಗೆ ವಿಭಾಗವಾದ ಟ್ರಾನ್ಸ್‌ಚಾರ್ಟಿನ ಮೂಲಕ ಮಾಡಬೇಕು, ಬೇರೆ ಕ್ರಮ ಬೇಕಾದರೆ ಅದೇ ಸಚಿವಾಲಯದ ಅನುಮತಿ ಪಡೆಯಬೇಕು. ಇದು ಐವತ್ತರ ದಶಕದ ಉತ್ತರಾರ್ಧದಿಂದ ಬಂದ ಪದ್ಧತಿಯ ಸಾರ.

ಈ ಅಕ್ಷರಗಳ ಅರ್ಥವನ್ನು ವಾಣಿಜ್ಯದ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ; ಅವುಗಳಲ್ಲಿ ಅಡಗಿರುವ ಅಧಿಕಾರವನ್ನು ಯಾರೂ ಹೇಳಿಕೊಡುವುದಿಲ್ಲ. ಎಫ್.ಓ.ಬಿ. ಎಂದರೆ ಮಾರುವವನ ಹೊಣೆ ತನ್ನ ಬಂದರಿನಲ್ಲಿ ಸರಕನ್ನು ಹಡಗಿಗೇರಿಸುವಲ್ಲಿಗೆ ಮುಗಿಯುತ್ತದೆ. ಹಡಗನ್ನು ತರುವವನು ಕೊಳ್ಳುವವನು. ಸಿ.ಐ.ಎಫ್. ಎಂದರೆ ಸಾಗಣೆಯನ್ನೂ ವಿಮೆಯನ್ನೂ ಮಾರುವವನೇ ನೋಡಿಕೊಂಡು, ಅವುಗಳ ವೆಚ್ಚವನ್ನು ಬೆಲೆಯಲ್ಲಿಯೇ ಸೇರಿಸುತ್ತಾನೆ. ಆದುದರಿಂದ ಹೊರದೇಶದ ಗೊಬ್ಬರವನ್ನು ಸಿ.ಐ.ಎಫ್. ಕ್ರಮದಲ್ಲಿ ಕೊಂಡ ಅಧಿಕಾರಿಯು ಭಾರತೀಯ ಹಡಗನ್ನು ಧಿಕ್ಕರಿಸಿದನೆಂದು ಹೇಳುವುದಕ್ಕಾಗುವುದಿಲ್ಲ. ಹಡಗನ್ನು ಆರಿಸುವ ಪ್ರಸಂಗವೇ ಅವನ ಮುಂದೆ ಬರಲಿಲ್ಲ. ಅವನು ಮಾಡಿದ್ದು ಇಷ್ಟೇ: ಮೂರಕ್ಷರದ ಬದಲು ಬೇರೆ ಮೂರಕ್ಷರ ಬರೆದ. ಧ್ವಜದ ಪ್ರಶ್ನೆ ಬಂದರಿನಲ್ಲಿ ತೀರ್ಮಾನವಾಗುತ್ತದೆಂದು ನಾವು ಭಾವಿಸಿದ್ದೇವೆ. ಅದು ತೀರ್ಮಾನವಾಗುವುದು ತಿಂಗಳುಗಳ ಹಿಂದೆ, ಕಡಲನ್ನೇ ಕಾಣದ ಕೊಳ್ಳುವ ಕಚೇರಿಯ ಮೇಜಿನ ಮೇಲೆ.

ರಫ್ತಿನಲ್ಲಿ ಇದರ ಪ್ರತಿಬಿಂಬವನ್ನು ಕಾಣಬಹುದು. ಆಜ್ಞೆಯ ಮಾತು ಸಿ.ಐ.ಎಫ್. ಎಂದಿದ್ದರೂ ನಮ್ಮ ಕಬ್ಬಿಣದ ಅದಿರು ಜಪಾನಿಗೂ ಇತರ ದೇಶಗಳಿಗೂ ಹೋದದ್ದು ಬಹುಮಟ್ಟಿಗೆ ಎಫ್.ಓ.ಬಿ. ಕ್ರಮದಲ್ಲಿ, ಕೊಳ್ಳುವವರೇ ಹಡಗನ್ನು ತಂದರು. ಕುದುರೆಮುಖದ ಕತೆಯನ್ನು ಇಲ್ಲಿ ನೆನೆಯಬೇಕು. ೧೯೭೫ರಲ್ಲಿ ಇರಾನಿನೊಡನೆ ಒಪ್ಪಂದವಾಗಿ, ೧೯೭೬ರಲ್ಲಿ ಕೇಂದ್ರಸರಕಾರದ ಕಂಪನಿ ಸ್ಥಾಪಿತವಾಯಿತು. ವರ್ಷಕ್ಕೆ ೭೫ ಲಕ್ಷ ಟನ್ ಅದಿರಿನ ಸಾರವನ್ನು ನೀರಿನಲ್ಲಿ ಕಲಸಿ ೬೭ ಕಿಲೋಮೀಟರಿನ ಕೊಳವೆಯಲ್ಲಿ ಮಂಗಳೂರಿಗೆ ಹರಿಸುವ ಏರ್ಪಾಡು ನಡೆಯಿತು. ೧೯೭೯ರ ಕ್ರಾಂತಿಯ ಬಳಿಕ ಇರಾನು ಸರಕನ್ನು ಎತ್ತಲಿಲ್ಲ. ಘಟ್ಟದ ಮಣ್ಣನ್ನು ಕಡಲಿಗೆ ಮುಟ್ಟಿಸುವ ಯಂತ್ರಕೌಶಲಕ್ಕೆ ನಾವು ತೋರಿದ ಶ್ರದ್ಧೆಯನ್ನು, ಕಡಲ ಮೇಲೆ ಅದನ್ನು ಹೊರುವವರಾರು ಎಂಬುದಕ್ಕೆ ತೋರಲಿಲ್ಲವೆಂದೇ ನಮ್ಮ ಅಭಿಪ್ರಾಯ. ೨೦೦೫ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು.

'ಸರಕಾರದ ಸರಕು' ಎಂಬ ಮಾತಿನ ವ್ಯಾಪ್ತಿಯೂ ಸ್ಪಷ್ಟವಿಲ್ಲ. ಸುರತ್ಕಲ್ಲಿನ ಬಳಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ೧೯೮೮ರಲ್ಲಿ ಎಂ.ಆರ್.ಪಿ.ಎಲ್. ಸ್ಥಾಪಿತವಾದಾಗ ಅದು ಒಂದು ಸರಕಾರಿ ಎಣ್ಣೆ ಕಂಪನಿಯೂ ಬಿರ್ಲಾ ಬಳಗವೂ ಕೂಡಿ ಮಾಡಿದ ಜಂಟಿ ಉದ್ಯಮ. ೨೦೦೩ರಲ್ಲಿ ಖಾಸಗಿ ಪಾಲನ್ನು ಓ.ಎನ್.ಜಿ.ಸಿ. ಕೊಂಡಿತು, ಕಾರ್ಖಾನೆ ಸರಕಾರಿ ಉದ್ಯಮವಾಯಿತು. ಅದೇ ಕೊಲ್ಲಿಯ ಎಣ್ಣೆ, ಅದೇ ನವಮಂಗಳೂರಿನ ಧಕ್ಕೆ, ಅದೇ ಕೊಳವೆ. ಆದರೂ ಷೇರುಗಳ ಪುಸ್ತಕದಲ್ಲಿ ಹೆಸರು ಬದಲಾದೊಡನೆ ಸರಕು 'ಸರಕಾರದ್ದು' ಆಗುತ್ತದೆ. ಭದ್ರಾವತಿಯ ಕಾರ್ಖಾನೆಯಾದರೋ ಸಂಸ್ಥಾನದ್ದಾಗಿದ್ದು, ರಾಜ್ಯದ್ದಾಗಿ, ೧೯೬೨ರಲ್ಲಿ ಕಂಪನಿಯಾಗಿ, ೧೯೮೯ರಲ್ಲಿ ಉಕ್ಕು ಪ್ರಾಧಿಕಾರದ ಕೈಸೇರಿ, ೧೯೯೮ರಲ್ಲಿ ಅದರಲ್ಲಿಯೇ ಲೀನವಾಯಿತು. ರಾಜ್ಯದ ಉದ್ಯಮವಾಗಿದ್ದಾಗ ಕೇಂದ್ರದ ಆಡಳಿತಾಜ್ಞೆಗೆ ಅದು ಎಷ್ಟರಮಟ್ಟಿಗೆ ಒಳಪಟ್ಟಿತ್ತು? ಶಾಸನವಿದ್ದಿದ್ದರೆ ಈ ಪ್ರಶ್ನೆಗೆ ಅರ್ಥನಿರೂಪಣೆಯ ಒಂದು ವಿಧಿಯಲ್ಲಿ ಉತ್ತರ ದೊರೆಯುತ್ತಿತ್ತು.

ಇನ್ನು ೨೦೨೧ರ ಯೋಜನೆ. ಐದು ವರ್ಷಗಳಿಗೆ ೧,೬೨೪ ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, ಇಲಾಖೆಗಳೂ ಕೇಂದ್ರದ ಉದ್ಯಮಗಳೂ ಕಚ್ಚಾ ಎಣ್ಣೆ, ಅಡಿಗೆ ಅನಿಲ, ಕಲ್ಲಿದ್ದಲು, ಗೊಬ್ಬರಗಳಿಗಾಗಿ ಕರೆಯುವ ಜಾಗತಿಕ ಟೆಂಡರುಗಳಲ್ಲಿ ಭಾರತೀಯ ಹಡಗುಗಳಿಗೆ ನೆರವು ಕೊಡುವುದೆಂದು ಮಂತ್ರಿಮಂಡಲ ಆ ವರ್ಷದ ಜುಲೈಯಲ್ಲಿ ಒಪ್ಪಿತು. ವಿದೇಶೀ ಹಡಗು ಅತಿ ಕಡಿಮೆ ದರ ಹೇಳಿದರೆ, ಭಾರತೀಯ ಹಡಗಿಗೆ ಮೊದಲ ನಿರಾಕರಣೆಯ ಹಕ್ಕುಂಟು. ದರದ ಅಂತರವನ್ನು ಒಂದು ಮಿತಿಯವರೆಗೆ ಸರಕಾರ ತುಂಬಿಕೊಡುತ್ತದೆ. ಆ ಮಿತಿ ೨೦೨೧ರ ಫೆಬ್ರವರಿ ೧ರ ಬಳಿಕ ಭಾರತದ ಧ್ವಜಕ್ಕೆ ಬಂದ, ಹತ್ತು ವರ್ಷದೊಳಗಿನ ಹಡಗಿಗೆ ಮೊದಲ ವರ್ಷ ಶೇ. ೧೫, ಮೊದಲೇ ಇದ್ದ ಹತ್ತರಿಂದ ಇಪ್ಪತ್ತು ವರ್ಷದ ಹಡಗಿಗೆ ಶೇ. ೫. ಉದಾಹರಣೆಗೆ ವಿದೇಶೀ ದರ ೧೦೦ ರೂಪಾಯಿ, ನಮ್ಮ ಹಡಗಿನ ದರ ೧೧೨ ಎಂದಿಟ್ಟುಕೊಳ್ಳೋಣ. ಹೊಸ ಹಡಗಾದರೆ ೧೨ ರೂಪಾಯಿಯೂ ದೊರೆಯುತ್ತದೆ. ಹಳೆಯದಾದರೆ ೫ ದೊರೆತು, ಉಳಿದ ೭ನ್ನು ಒಡೆಯ ತಾನೇ ಬಿಟ್ಟುಕೊಡಬೇಕು, ಇಲ್ಲವೆ ಸರಕನ್ನು ಬಿಡಬೇಕು. ಹೊಸ ಹಡಗುಗಳನ್ನು ಧ್ವಜಕ್ಕೆ ಸೆಳೆಯುವ ಉದ್ದೇಶಕ್ಕೆ ಈ ಭೇದ ಒಪ್ಪುವಂಥದೇ. ಮೇಲ್ವಿಚಾರಣೆಗೆಂದು ಎರಡು ಹಂತದ ಸಮಿತಿಗಳನ್ನೂ ಯೋಜನೆ ಹೆಸರಿಸಿದೆ. ನಮ್ಮ ಆಕ್ಷೇಪ ಬೇರೆ. ಮೊದಲ ನಿರಾಕರಣೆಯ ಹಕ್ಕು ಹುಟ್ಟುವುದು ಟೆಂಡರು ಕರೆದ ಮೇಲೆ. ಸಾಗಣೆಯ ಟೆಂಡರು ಹುಟ್ಟುವುದು ಕೊಳ್ಳುವವನೇ ಹಡಗನ್ನು ತರಬೇಕಾದಾಗ. ಸಿ.ಐ.ಎಫ್. ಕ್ರಮದಲ್ಲಿ ಕೊಂಡ ಇಲಾಖೆಗೆ ಟೆಂಡರೂ ಇಲ್ಲ, ಹಕ್ಕೂ ಇಲ್ಲ, ನೆರವಿನ ಮಾತೂ ಇಲ್ಲ. ಇದೇ ಸರಕಾರ ೨೦೧೯ರ ನವೆಂಬರಿನಲ್ಲಿ ತನ್ನ ಸ್ವಂತ ಹಡಗು ಕಂಪನಿಯಾದ, ೧೯೬೧ರಲ್ಲಿ ರೂಪುಗೊಂಡ ಷಿಪ್ಪಿಂಗ್ ಕಾರ್ಪೊರೇಷನ್ನನ್ನು ಮಾರುವುದಕ್ಕೆ ಒಪ್ಪಿಗೆ ಕೊಟ್ಟಿತ್ತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಕೈ ಹಡಗಿಗೆ ಸರಕನ್ನು ಹುಡುಕುತ್ತಿದ್ದಾಗ ಇನ್ನೊಂದು ಕೈ ಹಡಗಿಗೇ ಗಿರಾಕಿಯನ್ನು ಹುಡುಕುತ್ತಿತ್ತು.

ಎದುರುಪಕ್ಷದ ವಾದವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಧ್ವಜಪ್ರಾಶಸ್ತ್ಯಕ್ಕೆ ಬೆಲೆಯುಂಟು, ಗೊಬ್ಬರದ ಸಾಗಣೆ ದುಬಾರಿಯಾದರೆ ಅದು ಸಬ್ಸಿಡಿಯ ಮೇಲೆಯೋ ತೋಟದವನ ಮೇಲೆಯೋ ಬೀಳಲೇಬೇಕು. ಕಡಿಮೆ ದರ ಹೇಳಿದರೂ ಕೊನೆಯಲ್ಲಿ ಸರಕು ಕೈತಪ್ಪುವುದೆಂದು ತಿಳಿದ ವಿದೇಶೀ ಕಂಪನಿ ಟೆಂಡರಿಗೇ ಬಾರದೆ ಹೋಗಬಹುದು. ಆಗ ಹೋಲಿಸುವುದಕ್ಕೆ ದರವೇ ಇರುವುದಿಲ್ಲ. ಹಡಗೇ ಇಲ್ಲದ ಬಗೆಯ ಸರಕಿನಲ್ಲಿ ಹಕ್ಕಿದ್ದು ಪ್ರಯೋಜನವೂ ಇಲ್ಲ. ಇವೆಲ್ಲ ನಿಜ. ಆದರೆ ಬೆಲೆಯನ್ನು ತೂಗಿನೋಡಿ, ಇಷ್ಟು ಹೆಚ್ಚಾದುದರಿಂದ ಈ ಸರಕನ್ನು ಬಿಟ್ಟೆವು ಎಂದು ಬರೆದಿಡುವುದು ಒಂದು. ತೂಕವೇ ಮಾಡದೆ, ಪ್ರಶ್ನೆಯೇ ಏಳದಂತೆ ಕರಾರು ಬರೆಯುವುದು ಇನ್ನೊಂದು. ಮೊದಲನೆಯದನ್ನು ಒಪ್ಪಬಹುದು, ಖಂಡಿಸಬಹುದು. ಎರಡನೆಯದರ ವಿಷಯದಲ್ಲಿ ವಿಮರ್ಶೆಗೆ ಹಿಡಿತವೇ ದೊರೆಯದು.

ಟ್ರಾನ್ಸ್‌ಚಾರ್ಟಿನ ಮೂಲಕ ಸಾಗಿದ ಸರಕಿನ ಲೆಕ್ಕ ಸಚಿವಾಲಯದ ವಾರ್ಷಿಕ ವರದಿಗಳಲ್ಲಿ ಬಂದದ್ದುಂಟು. ಆದರೆ ಅದು ಆ ಬಾಗಿಲಿಗೆ ಬಂದ ಸರಕಿನ ಲೆಕ್ಕ. ಬಾಗಿಲಿಗೇ ಬಾರದೆ ಹೋದ ಸರಕನ್ನು ಆ ಲೆಕ್ಕದಿಂದ ಅಳೆಯುವಂತಿಲ್ಲ. ಅನುಮತಿ ಕೊಡುವವರೂ, ಪಾಲನೆಯನ್ನು ನೋಡುವವರೂ, ಹಡಗನ್ನು ಗೊತ್ತುಮಾಡಿಕೊಡುವವರೂ ಒಂದೇ ಸಚಿವಾಲಯದವರಾಗಿರುವುದು ಅನುಕೂಲವಿರಬಹುದು, ಮೇಲ್ವಿಚಾರಣೆಯೆನಿಸಲಾರದು. ೨೦೨೫ರ ಆಗಸ್ಟಿನಲ್ಲಿ ಕರಾವಳಿ ವ್ಯಾಪಾರಕ್ಕೂ ವ್ಯಾಪಾರ ನೌಕೆಗಳಿಗೂ ಪ್ರತ್ಯೇಕ ಹೊಸ ಶಾಸನಗಳು ಬಂದವು. ಮೊದಲನೆಯದು ಕರಾವಳಿ ಸಾಗಣೆಗೆ ಒಂದು ರಾಷ್ಟ್ರೀಯ ಮಾಹಿತಿಕೋಶವನ್ನೂ, ಎರಡು ವರ್ಷಗಳೊಳಗೆ ಒಂದು ಯೋಜನೆಯನ್ನೂ ಕಡ್ಡಾಯಮಾಡಿದೆ. ಸ್ವಾಗತಾರ್ಹವಾದ ಹೆಜ್ಜೆ. ಆದರೆ ಅದು ನಮ್ಮ ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವ ಸರಕಿನ ಮಾತು. ಹೊರದೇಶದಿಂದ ಸರಕಾರ ತರಿಸುವ ಸರಕಿಗೆ ಅಂಥ ಕೋಶವನ್ನೂ ಕರ್ತವ್ಯವನ್ನೂ ಈ ಶಾಸನಗಳು ವಿಧಿಸಿಲ್ಲ.

ನಮ್ಮ ವಿಭಾಗಗಳಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವುಂಟು. ನವಮಂಗಳೂರು ಬಂದರಿಗೆ ಒಂದು ವರ್ಷದಲ್ಲಿ ಸರಕಾರಿ ಉದ್ಯಮಗಳಿಗಾಗಿ ಬಂದ ಹಡಗುಗಳನ್ನು ಒಂದು ಪಟ್ಟಿಗೆ ಇಳಿಸಬೇಕು. ಹಡಗಿನ ಹೆಸರು ಮತ್ತು ಧ್ವಜ, ಸರಕು ಮತ್ತು ತೂಕ, ಇವೆರಡು ಕಲಮುಗಳು ಬಂದರಿನ ದಾಖಲೆಗಳಿಂದ ತುಂಬಿಯಾವು. ಮೂರನೆಯ ಕಲಮು ಕರಾರಿನ ಕ್ರಮದ್ದು, ಎಫ್.ಓ.ಬಿ.ಯೋ ಸಿ.ಐ.ಎಫೋ ಎಂಬುದು. ಅದಕ್ಕಾಗಿ ಬಂದರನ್ನು ಬಿಟ್ಟು ಕೊಳ್ಳುವ ಕಚೇರಿಗಳಿಗೆ ಬರೆಯಬೇಕಾಗುತ್ತದೆ. ಪಟ್ಟಿಯನ್ನು ಆ ಕಲಮಿನಿಂದಲೇ ಆರಂಭಿಸುವುದು ಲೇಸೆಂದು ನಮಗೆ ತೋರುತ್ತದೆ.